ಬ್ಲೂ-ರೇ ಗೆದ್ದಿತು, ವಿಸಿಡಿ ಓಡಿತು

2008ರ ಫೆಬ್ರವರಿ 19ರಂದು ತೋಷಿಬಾ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಡುವುದಾಗಿ ಹೇಳಿತು. ಎರಡು ಡಿಸ್ಕ್ ಫಾರ್ಮ್ಯಾಟ್‌ಗಳ ಜಗಳದಲ್ಲಿ ಸೋನಿ ಬಳಗದ ಬ್ಲೂ-ರೇ ಗೆದ್ದಿತು. ಆದರೆ ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಿಗಾಗಲಿ ನೆಲಮಂಗಲದ ಪೇಟೆಗಾಗಲಿ ಆ ಜಗಳದ ಬಿಸಿ ತಟ್ಟಲೇ ಇಲ್ಲ. ಇಲ್ಲಿ ಆಗಿನ್ನೂ 1993ರ ವಿಸಿಡಿಯದೇ ಕಾರುಬಾರು. ಒಂದು ಡಿಸ್ಕ್‌ಗೆ ಹಿಡಿಯುತ್ತಿದ್ದುದು 74 ನಿಮಿಷ. ಹಾಗಾಗಿ ಕನ್ನಡ ಸಿನಿಮಾ ಎರಡು, ಕೆಲವೊಮ್ಮೆ ಮೂರು ಡಿಸ್ಕ್‌ನಲ್ಲಿ ಬರುತ್ತಿತ್ತು. ಮೊದಲನೆಯದು ಮುಗಿಯುವ ಹೊತ್ತಿಗೆ ಹೇಗೂ ಇಂಟರ್‌ವಲ್ ಆಗಿರುತ್ತಿದ್ದುದರಿಂದ ಯಾರೂ ಗೊಣಗುತ್ತಿರಲಿಲ್ಲ.

ಆ ಕಾಲವನ್ನು ಈ ಕಡೆಯಿಂದ ನೋಡಿದ ನನಗೆ ಉಳಿದ ಪಾಠ ಇದು: ನೋಡುಗನನ್ನು ಕಾಪಾಡಿದ್ದು ಗೆದ್ದ ಫಾರ್ಮ್ಯಾಟ್ ಅಲ್ಲ, ಯಾವ ಡಿಸ್ಕ್ ಹಾಕಿದರೂ ಓಡಿಸುತ್ತಿದ್ದ ಅಗ್ಗದ ಪ್ಲೇಯರ್. ಅದಕ್ಕೆ ಡಿವಿಡಿಯೂ ಸೈ, ವಿಸಿಡಿಯೂ ಸೈ, ಎಂಪಿ3 ಹಾಡಿನ ಸಿಡಿಯೂ ಸೈ. ಭಾರತವನ್ನು ಐದನೇ ವಲಯವೆಂದು ಗುರುತಿಸಿ ಡಿವಿಡಿಗೆ ಜಡಿದಿದ್ದ ಬೀಗವನ್ನು ಇಂಥ ಎಷ್ಟೋ ಪ್ಲೇಯರ್‌ಗಳು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಅತ್ತ ಬ್ಲೂ-ರೇ ಯಂತ್ರದಲ್ಲಿ ಎಚ್‌ಡಿ ಡಿವಿಡಿ ಓಡದು, ಎಚ್‌ಡಿ ಡಿವಿಡಿ ಯಂತ್ರದಲ್ಲಿ ಬ್ಲೂ-ರೇ ಓಡದು. ತೀರ್ಪು ಕೊಟ್ಟವರು ಗಿರಾಕಿಗಳೂ ಅಲ್ಲ, ಒಂದೇ ಫಾರ್ಮ್ಯಾಟ್‌ಗೆ ಸಿನಿಮಾ ಕೊಡುವ ಒಪ್ಪಂದಕ್ಕೆ ಬಂದ ಸ್ಟುಡಿಯೋಗಳು. 2007ರ ಆಗಸ್ಟ್‌ನಲ್ಲಿ ಪ್ಯಾರಮೌಂಟ್ ಒಂದು ಕಡೆಗೆ ವಾಲಿತು, 2008ರ ಜನವರಿಯಲ್ಲಿ ವಾರ್ನರ್ ಇನ್ನೊಂದು ಕಡೆಗೆ. ಅಲ್ಲಿಗೆ ಆಟ ಮುಗಿಯಿತು. ಯುರೋಪಿಯನ್ ಕಮಿಷನ್ ಸ್ಟುಡಿಯೋಗಳಿಂದ ವಿವರ ಕೇಳಿತ್ತು, ಅಷ್ಟೆ. ನಮ್ಮಲ್ಲೋ, 2002ರ ಸ್ಪರ್ಧಾ ಕಾಯ್ದೆಯಲ್ಲಿ ಇಂಥ ಒಪ್ಪಂದಗಳನ್ನು ಪ್ರಶ್ನಿಸುವ ಸೆಕ್ಷನ್ ಜಾರಿಗೆ ಬಂದದ್ದೇ 2009ರ ಮೇ 20ಕ್ಕೆ.

ಒಂದೇ ಫಾರ್ಮ್ಯಾಟ್ ಇದ್ದರೆ ಗಿರಾಕಿಗೆ ಗೊಂದಲವಿಲ್ಲವಲ್ಲ ಎನ್ನಬಹುದು. ನಿಜವೇ. 1995ರಲ್ಲಿ ಎರಡು ಬಣಗಳು ಮಾರುಕಟ್ಟೆಗೆ ಬರುವ ಮೊದಲೇ ರಾಜಿಯಾಗಿ ಡಿವಿಡಿ ತಂದವು; ಆಮೇಲೆ ಪೈಪೋಟಿ ಪ್ಲೇಯರ್‌ನ ಬೆಲೆಯ ಮೇಲೆ ನಡೆಯಿತು. ನನ್ನ ತಕರಾರು ಏಕರೂಪತೆಯ ಮೇಲಲ್ಲ, ಅದನ್ನು ಕರಾರಿನಿಂದ ಕೊಂಡುಕೊಳ್ಳುವುದರ ಮೇಲೆ. ಇನ್ನು ಅಗ್ಗದ ಪ್ಲೇಯರ್ ನಕಲಿ ಡಿಸ್ಕ್‌ಗೆ ದಾರಿ ಮಾಡಿತು ಎಂಬ ದೂರು. ಕರ್ನಾಟಕ ಸರ್ಕಾರ 2014ರಲ್ಲಿ ವಿಡಿಯೋ ಪೈರಸಿಯನ್ನು ಗೂಂಡಾ ಕಾಯ್ದೆಗೇ ಸೇರಿಸಿತು. ಅದಕ್ಕೂ ಏಳು ವರ್ಷ ಮೊದಲು ಮೋಸರ್ ಬೇರ್ ಕಂಪನಿ ಅಸಲಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಹೊರಟಿತ್ತು. ಆ ಬೆಲೆಗೆ ಅಸಲಿಯೇ ಸಿಕ್ಕರೆ ನಕಲಿ ಕೊಳ್ಳಲು ಕಾರಣವೇ ತೆಳುವಾಗುತ್ತದೆ. ಪೊಲೀಸ್ ದಾಳಿಗಿಂತ ಇದು ಗಟ್ಟಿ ಮದ್ದು ಎಂದೇ ನನ್ನ ಲೆಕ್ಕ. ಆ ಕಂಪನಿಯೂ ಮುಳುಗಿತಲ್ಲ, 2018ರಲ್ಲಿ ಸಮಾಪನೆಗೆ ಆದೇಶವಾಯಿತಲ್ಲ ಎಂದರೆ, ಹೌದು. ಆದರೆ ಅಷ್ಟರಲ್ಲಿ ಡಿಸ್ಕ್‌ನ ವ್ಯಾಪಾರವೇ ಎಲ್ಲೆಡೆ ಕುಸಿದಿತ್ತು. 28 ರೂಪಾಯಿ ಒಂದನ್ನೇ ದೂರುವುದು ಸರಿಯಲ್ಲ.

ಈಗ ಆ ಪ್ಲೇಯರ್‌ನ ಜಾಗದಲ್ಲಿ ಏನೂ ಇಲ್ಲ. ಒಂದು ಕನ್ನಡ ಸಿನಿಮಾಕ್ಕೆ ಒಂದು ಆ್ಯಪ್, ಇನ್ನೊಂದಕ್ಕೆ ಮತ್ತೊಂದು ಎಂದು ಹೊಸಕೋಟೆಯ ಮನೆಯವರು ಚಂದಾ ಕಟ್ಟಬೇಕು. ಕಾಯ್ದೆಯಿಂದ ಅವರಿಗೇನು ಸಿಗಬೇಕು ಎಂದರೆ, 'ನಮ್ಮಲ್ಲಿ ಮಾತ್ರ' ಎನ್ನುವ ಕರಾರಿಗೆ ಇಂತಿಷ್ಟೇ ತಿಂಗಳು ಎಂಬ ಮಿತಿ ಬರಲಿ ಎನ್ನುತ್ತೇನೆ.