ಒಂದು ಮನೆತನ, ನಾಲ್ಕು ತಲೆಮಾರು



ನಮ್ಮ ಚಿಕ್ಕಪ್ಪ ಮಿಲಿಟರಿಯಲ್ಲಿದ್ದಾರೆ. ಈಗ ನಮ್ಮಣ್ಣನೂ ಸೇರ್ತೀನಿ ಅಂತಾನೆ. ಆ ಮಾತು ಬಂದ್ರೆ ಅಮ್ಮ ಏನೂ ಹೇಳಲ್ಲ, ಎದ್ದು ಒಲೆ ಮುಂದೆ ಹೋಗಿ ಕೂರ್ತಾಳೆ. ಒಂದೇ ಮನೆಯಿಂದ ಮತ್ತೆ ಮತ್ತೆ ಯಾಕೆ ಹೋಗ್ತಾರೆ ಸಾರ್ ಎಂದು ನಮ್ಮ ಗುರುಗಳನ್ನು ಕೇಳಿದೆ. ಅವರು ಅರುಣ್ ಖೇತರ್ಪಾಲ್ ಬಗ್ಗೆ ಓದು ಅಂದರು. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಈ ಮನೆತನದ ಮೂಲ ಊರು ಸರಗೋಧಾ. ಅದು ಈಗ ಪಾಕಿಸ್ತಾನದಲ್ಲಿದೆ. ಅರುಣರ ಮುತ್ತಜ್ಜ ಸಿಖ್ಖರ ಸೈನ್ಯದಲ್ಲಿದ್ದು, 1849ರ ಚಿಲಿಯನ್‌ವಾಲಾ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದರು. ಅಜ್ಜ ಮೊದಲನೇ ಮಹಾಯುದ್ಧದ ಕಾಲದಲ್ಲಿ ಅದೇ ಬ್ರಿಟಿಷರ ಸೈನ್ಯದಲ್ಲಿದ್ದರು. ತಂದೆ ಎಂ. ಎಲ್. ಖೇತರ್ಪಾಲ್ ಸ್ವತಂತ್ರ ಭಾರತದ ಸೈನ್ಯದಲ್ಲಿ ಬ್ರಿಗೇಡಿಯರ್ ಆದರು. ಬಾವುಟಗಳು ಬದಲಾದವು, ಮನೆಯ ಕಸುಬು ಬದಲಾಗಲಿಲ್ಲ. ನಮ್ಮೂರಲ್ಲಿ ಅಪ್ಪನ ನೇಗಿಲು ಮಗನಿಗೆ ಬರುತ್ತದಲ್ಲ, ಹಾಗೆ.

ಅರುಣ್ ಹುಟ್ಟಿದ್ದು 1950ರ ಅಕ್ಟೋಬರ್ 14ರಂದು, ಪುಣೆಯಲ್ಲಿ. 1971ರ ಜೂನ್‌ನಲ್ಲಿ ಪೂನಾ ಹಾರ್ಸ್ ಎಂಬ ಟ್ಯಾಂಕ್ ದಳಕ್ಕೆ ಅಧಿಕಾರಿಯಾಗಿ ಸೇರಿದರು. ಆರೇ ತಿಂಗಳಲ್ಲಿ ಪಾಕಿಸ್ತಾನದೊಡನೆ ಯುದ್ಧ ಬಂತು. ಡಿಸೆಂಬರ್ 16ರಂದು ಬಸಂತರ್ ನದಿಯ ಹತ್ತಿರ ಶತ್ರು ಟ್ಯಾಂಕುಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಅರುಣರ ಟ್ಯಾಂಕಿಗೆ ಗುಂಡು ತಗಲಿ ಬೆಂಕಿ ಹತ್ತಿತು. ಟ್ಯಾಂಕ್ ಬಿಟ್ಟು ಬಾ ಎಂದು ಮೇಲಧಿಕಾರಿ ರೇಡಿಯೋದಲ್ಲಿ ಹೇಳಿದರು. ತೋಪು ಇನ್ನೂ ಕೆಲಸ ಮಾಡುತ್ತಿದೆ, ಬರುವುದಿಲ್ಲ ಎಂದರು ಅರುಣ್. ಮತ್ತೆ ಗುಂಡು ಬಿದ್ದು ಪ್ರಾಣ ಬಿಟ್ಟರು. ವಯಸ್ಸು 21. ಅದೇ ದಿನ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ಮರುದಿನ ಈ ಕಡೆಯೂ ಯುದ್ಧ ನಿಂತಿತು. ಒಂದೇ ಒಂದು ದಿನ! ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಕೊಟ್ಟರು.

ಪಾಠ ಇಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ.

30 ವರ್ಷದ ನಂತರ, 2001ರಲ್ಲಿ, ತಂದೆಗೆ 81 ವರ್ಷ. ತಮ್ಮ ಹಳೇ ಊರು ಸರಗೋಧಾ ನೋಡಲು ಪಾಕಿಸ್ತಾನಕ್ಕೆ ಹೋದರು. ಅಲ್ಲಿ ಬ್ರಿಗೇಡಿಯರ್ ನಾಸಿರ್ ಎಂಬುವರು ತಮ್ಮ ಮನೆಯಲ್ಲೇ ಇರಿಸಿಕೊಂಡು ಬಹಳ ಉಪಚಾರ ಮಾಡಿದರು. ಹೊರಡುವ ಹಿಂದಿನ ರಾತ್ರಿ ಒಂದು ಮಾತು ಹೇಳಿದರು: ಅರುಣ್ ಸತ್ತದ್ದು ನನ್ನ ಕೈಯಿಂದಲೇ. ಅರುಣರ ಧೈರ್ಯವನ್ನೂ ಹೊಗಳಿದರು. ಅವರ ಮನೆ ಅನ್ನ ಉಂಡ ಆ ಮುದುಕರಿಗೆ ಆ ರಾತ್ರಿ ಹೇಗಾಗಿರಬೇಡ! ನೀವೇ ಯೋಚನೆ ಮಾಡಿ.

ಇದರಿಂದ ನಾನು ಕಲಿತದ್ದು ಇಷ್ಟು. ತ್ಯಾಗ ಮಾಡಿದವರು ರಣರಂಗದಲ್ಲಿ ಸತ್ತವರು ಮಾತ್ರ ಅಲ್ಲ. ಅರುಣರ ತ್ಯಾಗ ಒಂದು ದಿನದಲ್ಲಿ ಮುಗಿಯಿತು, ತಂದೆಯದು 30 ವರ್ಷ ಕಳೆದರೂ ಮುಗಿದಿರಲಿಲ್ಲ. ಅಮ್ಮ ಒಲೆ ಮುಂದೆ ಯಾಕೆ ಹೋಗಿ ಕೂರ್ತಾಳೆ ಅಂತ ಈಗ ಗೊತ್ತಾಯ್ತು. ಅಣ್ಣನಿಗೆ ಹೋಗಬೇಡ ಅಂತ ನಾನು ಹೇಳಲ್ಲ. ಆದರೆ ಹೋಗುವ ಮೊದಲು ಅಮ್ಮನ ಹತ್ರ ಕೂತು ಮಾತಾಡು ಅಂತ ಹೇಳಿದ್ದೇನೆ.

ಉತ್ತರಿಸಿರಿ:
1. ಬಸಂತರ್ ಯುದ್ಧ ನಡೆದ ವರ್ಷ ಯಾವುದು?
2. ಅರುಣರ ಮುತ್ತಜ್ಜ ಯಾರ ವಿರುದ್ಧ ಹೋರಾಡಿದರು?
3. ನಮ್ಮೂರಿನಿಂದ ಸೈನ್ಯಕ್ಕೆ ಹೋದವರು ಯಾರು ಯಾರು? ಅವರ ಮನೆಯವರನ್ನು ಕೇಳಿ ಬರೆಯಿರಿ.

– ಏಳನೇ ತರಗತಿ