ಹೇಳಿದವರು ಯಾರು? ಆಧಾರವೇನು?

ಮಕ್ಕಳು ಶಾಲೆಯಿಂದ 'ಪ್ರಾಜೆಕ್ಟ್' ತಂದಾಗ ನಮ್ಮ ಮನೆಗಳಲ್ಲಿ ನಡೆಯುವುದೇನು? ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದನ್ನು ನಕಲು ಮಾಡಿ, ಚಿತ್ರ ಅಂಟಿಸಿ, ಮರುದಿನ ಒಪ್ಪಿಸುವುದು. ಅಂಕವೇನೋ ಬರುತ್ತದೆ, ವಿದ್ಯೆ ಬರುವುದಿಲ್ಲ. ಮಾಹಿತಿಯ ಮೂಲವನ್ನು ಹುಡುಕುವುದು, ಹೇಳಿದವರ ಒಲವು ಯಾವ ಕಡೆಗಿದೆ ಎಂದು ತಿಳಿಯುವುದು, ಬೇರೆ ಆಧಾರಗಳೊಡನೆ ಹೋಲಿಸಿ ನೋಡುವುದು: ಸಂಶೋಧನೆಯೆಂದರೆ ಇದೇ. ಕಾಲೇಜು ಮೆಟ್ಟಿಲು ಹತ್ತಿದವರಿಗೆ ಮಾತ್ರ ಬೇಕಾದ ವಿದ್ಯೆ ಇದಲ್ಲ.

2018ರಲ್ಲಿ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ವದಂತಿ ವಾಟ್ಸಾಪ್‌ನಲ್ಲಿ ಹರಡಿ, ದೇಶದ ಹಲವೆಡೆ ನಿರಪರಾಧಿಗಳು ಗುಂಪಿನ ಹೊಡೆತಕ್ಕೆ ಬಲಿಯಾದರು. ಆ ಜುಲೈಯಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿಯೂ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂದು ಶಂಕಿಸಿ ಹೈದರಾಬಾದಿನಿಂದ ಬಂದವರ ಮೇಲೆ ಜನ ಮುಗಿಬಿದ್ದರು. ಯುವ ಇಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಆ ದಿನಗಳಲ್ಲಿ ಹರಿದಾಡಿದ ಒಂದು ವೀಡಿಯೋದಲ್ಲಿ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವಿತ್ತು. ಅದು ಮಕ್ಕಳ ಸುರಕ್ಷತೆಗಾಗಿ ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಮಗುವನ್ನು ಹಿಂದಿರುಗಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. 'ಇದು ಎಲ್ಲಿಯದು? ಪೂರ್ತಿ ಇದೆಯೇ?' ಎಂಬ ಎರಡು ಪ್ರಶ್ನೆಗಳನ್ನು ಕೇಳಿದ್ದರೆ ಎಷ್ಟೋ ಕೈಗಳು ತಡೆಯುತ್ತಿದ್ದವು.

ಹೀಗೆ ಪ್ರಶ್ನಿಸುವುದು ಧರ್ಮಸಭೆಗೆ ಹೊಸದಲ್ಲ. 'ಕಾನ್‌ಸ್ಟಂಟೈನನ ದಾನಪತ್ರ'ದ ಕಥೆಯನ್ನೇ ನೋಡಿ. ನಾಲ್ಕನೇ ಶತಮಾನದ ಚಕ್ರವರ್ತಿ ಕಾನ್‌ಸ್ಟಂಟೈನನು ರೋಮ್ ನಗರವನ್ನೂ ಪಶ್ಚಿಮದ ನಾಡುಗಳನ್ನೂ ಜಗದ್ಗುರು ಸಿಲ್ವೆಸ್ಟರರಿಗೆ ಒಪ್ಪಿಸಿದನೆಂದು ಹೇಳುವ ಪತ್ರವದು. ಶತಮಾನಗಳ ಕಾಲ ಜನ ಅದನ್ನು ನಿಜವೆಂದೇ ನಂಬಿದ್ದರು.

1433ರಲ್ಲಿ, ಮುಂದೆ ಕಾರ್ಡಿನಲ್ ಆದ ಕೂಸಾದ ನಿಕೊಲಾಸರು ಹಳೆಯ ಚರಿತ್ರೆಗಳನ್ನು ತೆರೆದು ನೋಡಿದರು. ಇಷ್ಟು ದೊಡ್ಡ ದಾನದ ಸುದ್ದಿ ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ. 1440ರಲ್ಲಿ ಲೊರೆಂಜೊ ವಾಲ್ಲಾ ಎಂಬ ವಿದ್ವಾಂಸರು ಪತ್ರದ ಭಾಷೆಯನ್ನೇ ಪರೀಕ್ಷಿಸಿದರು. ರೋಮಿನ ಅಧಿಕಾರಿಗಳನ್ನು ಅದು 'ಸತ್ರಪ'ರೆಂದು ಕರೆಯುತ್ತದೆ. ಆ ಹೆಸರಿನ ಅಧಿಕಾರಿಗಳು ಅಂದಿನ ರೋಮಿನಲ್ಲಿ ಇರಲೇ ಇಲ್ಲ. ಕಾನ್‌ಸ್ಟಾಂಟಿನೋಪಲ್ ನಗರ ಇನ್ನೂ ಸ್ಥಾಪನೆಯಾಗದಿದ್ದಾಗಲೇ ಅದರ ಹೆಸರು ಪತ್ರದಲ್ಲಿದೆ! ಪತ್ರ ನಕಲಿಯೆಂಬುದು ಸ್ಪಷ್ಟವಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ವಾಲ್ಲಾ ಆಗ ಜಗದ್ಗುರುಗಳೊಡನೆ ವೈರ ಕಟ್ಟಿಕೊಂಡಿದ್ದ ಅರಸ ಅಲ್ಫೊನ್ಸೊನ ಆಸ್ಥಾನದಲ್ಲಿದ್ದರು. ಅವರಿಗೂ ಪಕ್ಷಪಾತವಿತ್ತು. ಹಾಗೆಂದು ಅವರ ಮಾತನ್ನು ತಳ್ಳಿಹಾಕಬಹುದಿತ್ತೇ? ಇಲ್ಲ. ಅವರು ಕೊಟ್ಟ ಆಧಾರಗಳನ್ನು ಲ್ಯಾಟಿನ್ ಬಲ್ಲ ಯಾರಾದರೂ ಪರೀಕ್ಷಿಸಬಹುದಿತ್ತು. ಮುಂದೆ ಜಗದ್ಗುರು ಐದನೇ ನಿಕೊಲಾಸರೇ ವಾಲ್ಲಾರಿಗೆ ರೋಮಿನಲ್ಲಿ ಕೆಲಸ ಕೊಟ್ಟರು. ಧರ್ಮಸಭೆಯ ಚರಿತ್ರೆ ಬರೆದ ಕಾರ್ಡಿನಲ್ ಬರೋನಿಯುಸರೂ ಆ ಪತ್ರ ನಕಲಿಯೆಂದು ಒಪ್ಪಿದರು. ಸುಳ್ಳು ಪತ್ರವೊಂದು ಬಿದ್ದುಹೋದುದರಿಂದ ವಿಶ್ವಾಸ ಕುಸಿಯಲಿಲ್ಲ.

ಮಕ್ಕಳಿಗೆ ನಾವು ಕಲಿಸಬೇಕಾದ ವಿವೇಕ ಇದೇ. ಒಲವಿಲ್ಲದ ಬರಹಗಾರ ಸಿಗುವುದು ಅಪರೂಪ. ಒಲವನ್ನು ಗುರುತಿಸಿ, ಆಮೇಲೆ ಆಧಾರವನ್ನು ತೂಗಿ ನೋಡಬೇಕು. ನಮಗೆ ಹಿತವಾದ ಸುದ್ದಿಗೂ ಅಹಿತವಾದ ಸುದ್ದಿಗೂ ತಕ್ಕಡಿ ಒಂದೇ ಇರಬೇಕು. ನಮ್ಮವರನ್ನು ಹೊಗಳುವ, ಅನ್ಯರನ್ನು ತೆಗಳುವ ಸಂದೇಶ ಬಂದಾಗ ನಮ್ಮ ಪರೀಕ್ಷೆ ಸಡಿಲವಾಗುವುದು ಸಹಜ. ಅಲ್ಲಿಯೇ ಎಚ್ಚರ ಬೇಕು. 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಜಗದ್ಗುರು ಫ್ರಾನ್ಸಿಸರು ಸುಳ್ಳು ಸುದ್ದಿಯ ವಿಷಯಕ್ಕೇ ಮೀಸಲಿಟ್ಟಿದ್ದರು.

ತಂದೆತಾಯಂದಿರೇ, ಈ ವಾರ ಮೊಬೈಲಿಗೆ ಬಂದ ಒಂದು ಸಂದೇಶವನ್ನು ಆರಿಸಿ, ರಾತ್ರಿ ಊಟವಾದ ಮೇಲೆ ಮಕ್ಕಳೊಡನೆ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿರಿ:

1. ಇದನ್ನು ಮೊದಲು ಹೇಳಿದವರು ಯಾರು? ಎಲ್ಲಿ, ಯಾವಾಗ?

2. ನಾವು ನಂಬಿದರೆ ಅವರಿಗೇನು ಲಾಭ?

3. ಅವರು ಕೊಟ್ಟ ಆಧಾರವೇನು? ಬಿಟ್ಟದ್ದೇನಾದರೂ ಇದೆಯೇ?

4. ಅವರಿಗೆ ಸಂಬಂಧವಿಲ್ಲದ ಬೇರೊಬ್ಬರು ಇದನ್ನೇ ಹೇಳಿದ್ದಾರೆಯೇ?

ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಬೆರಳನ್ನು ಹೆಚ್ಚಾಗಿ ಗಮನಿಸುತ್ತಾರೆ.