ಹಿತ್ತಲಿನ ಕತ್ತಲನ್ನು ಓಡಿಸಬೇಡ

ಮಗಾ, ಹೊಸ ಮನೆಯ ಹಿತ್ತಲಿಗೆ ಎಂಟು ಫೋಕಸ್ ಲೈಟು ತರಿಸಿದ್ದೀಯಂತೆ. ಹಗಲೆಲ್ಲ ಚನ್ನಗಿರಿಯ ಅಡಿಕೆ ಮಂಡಿಯಲ್ಲಿರುವವನು ನೀನು. ತೋಟದಲ್ಲಿ ಕೂರುವುದೇ ರಾತ್ರಿ ಊಟವಾದ ಮೇಲೆ, ಅದಕ್ಕೆ ಬೆಳಕು ಬೇಕು ಅಂತ ನಿನ್ನ ಲೆಕ್ಕ. ಅರ್ಧ ಸರಿ. ರಾತ್ರಿ ಕೂರುವ ತೋಟವನ್ನು ರಾತ್ರಿಗೆಂದೇ ಮಾಡಬೇಕು. ಆದರೆ ಅದಕ್ಕೆ ಮೊದಲು ಬೇಕಾದದ್ದು ಕತ್ತಲೆ.

ನಾನೂ ಈ ತಪ್ಪು ಮಾಡಿದವನೇ. ಹಳೇ ಮನೆಯ ಹಿತ್ತಲಿಗೆ ಟ್ಯೂಬ್‌ಲೈಟ್ ಹಾಕಿಸಿದ ವರ್ಷ, ಬೆಳಗಾದರೆ ಕಂಬದ ಬುಡದಲ್ಲಿ ಗುಡಿಸಿ ತೆಗೆಯುವಷ್ಟು ಹುಳು. ನಿಮ್ಮಜ್ಜಿ ಪೊರಕೆ ಹಿಡಿದು, "ದೀಪ ಹಾಕಿಸಿದ್ದು ನಮಗೋ ಹಲ್ಲಿಗೋ?" ಅಂದಳು. ಮುಂಗಾರಿನ ಹೊತ್ತಿಗೆ ಬೇಲಿಯ ಮೇಲೆ ಆಡುತ್ತಿದ್ದ ಮಿಂಚುಹುಳ ಆ ವರ್ಷ ಕಾಣಲೇ ಇಲ್ಲ. ಅವು ಮಿನುಗಿ ಮಿನುಗಿ ಜೋಡಿ ಕರೆಯುತ್ತವೆ. ನಮ್ಮ ದೀಪದೆದುರು ಆ ಕರೆ ಅಳಿಸಿಹೋಗುತ್ತದೆ.

ಮೊದಲು ಒಂದು ಇಳಿಹೊತ್ತು ನಮ್ಮೂರ ಪುಷ್ಕರಿಣಿಗೆ ಹೋಗಿ ಮೆಟ್ಟಿಲ ಮೇಲೆ ಸುಮ್ಮನೆ ಕೂತು ಬಾ. 16ನೇ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ದಂಡೆಯಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ, ನಡುನೀರಲ್ಲಿ ವಸಂತ ಮಂಟಪ. ಅಲ್ಲಿ ಮೈ ತಣ್ಣಗಾಗುವುದು ಯಾಕೆ ಅಂತ ಯೋಚಿಸು. ನೀರು ಆರುತ್ತಾ ಗಾಳಿಯ ಬಿಸಿ ಎಳೆದುಕೊಳ್ಳುತ್ತದೆ. ಆಕಾಶದ ಕೊನೆಯ ಬೆಳಕನ್ನು ಕನ್ನಡಿಯಂತೆ ಕೆಳಗಿಳಿಸುತ್ತದೆ. ನಿನ್ನ ಹಿತ್ತಲಿಗೆ ಕೊಳ ಬೇಕಿಲ್ಲ. ದನಕ್ಕೆ ನೀರಿಡುತ್ತಿದ್ದ ಕಲ್ಲಿನ ಬಾನಿ ಮೂಲೆಯಲ್ಲಿ ಬಿದ್ದಿದೆಯಲ್ಲ, ಅದನ್ನು ತೊಳೆದು ಬಯಲಿಗಿಡು. ನಾಲ್ಕು ಗಪ್ಪಿ ಮೀನು ಬಿಡು, ಸೊಳ್ಳೆಮರಿ ತಿನ್ನುತ್ತವೆ. ಹುಣ್ಣಿಮೆಯಲ್ಲಿ ಚಂದ್ರ ಅದರೊಳಗೆ ಇಳಿಯುತ್ತಾನೆ.

ಅಂಗಳಕ್ಕೆಲ್ಲ ಸಿಮೆಂಟು ಬಳಿಸಬೇಡ. ಹಗಲು ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲ ಕಕ್ಕುತ್ತದೆ. ಕೂರುವ ಕಟ್ಟೆ ಮಧ್ಯಾಹ್ನದ ನೆರಳು ಬೀಳುವ ಕಡೆ ಇರಲಿ.

ಇನ್ನು ಹೂವು. ಕೆಂಪು ದಾಸವಾಳ ಎಷ್ಟೇ ಚೆಲುವಾದರೂ ಕತ್ತಲಾದ ಮೇಲೆ ಕಪ್ಪು. ರಾತ್ರಿಗೆ ಕಾಣುವುದು ಬಿಳಿ. ಇರುಳಲ್ಲಿ ಅರಳುವ ಹೂಗಳು ಬಹುಪಾಲು ಬೆಳ್ಳಗಿದ್ದು ಗಮ್ಮೆನ್ನುವುದು ನಮಗಾಗಿ ಅಲ್ಲ, ಉದ್ದ ಸೊಂಡಿಲಿನ ಪತಂಗಗಳನ್ನು ಕರೆಯಲಿಕ್ಕೆ. ಸರದಿ ನೋಡಿ ನೆಡು. ಇಳಿಹೊತ್ತಿಗೆ ಬಾಯಿ ಬಿಡುವುದು ಸಂಜೆಮಲ್ಲಿಗೆ, ಕತ್ತಲಾದ ಮೇಲೆ ಸುಗಂಧರಾಜ, ಮಲ್ಲಿಗೆ. ಪಾರಿಜಾತ ಇರುಳಲ್ಲಿ ಅರಳಿ ನಸುಕಿಗೆ ನೆಲಕ್ಕುದುರುತ್ತದೆ. ಬುಡ ಗುಡಿಸಿಟ್ಟರೆ ಬೆಳಗಿನ ಪೂಜೆಗಾಯಿತು. ಒಂದು ಕುಂಡದಲ್ಲಿ ಬ್ರಹ್ಮಕಮಲ ಇರಲಿ. ಮೆಕ್ಸಿಕೊ ಕಡೆಯ ಕಳ್ಳಿಜಾತಿ ಅದು, ಬೆಳಗಾಗುವುದರೊಳಗೆ ಬಾಡಿಹೋಗುತ್ತದೆ. ಅದು ಅರಳುವ ರಾತ್ರಿ ಪಕ್ಕದ ಮನೆಯವರನ್ನೂ ಕರೆ.

ರಾತ್ರಿರಾಣಿಯನ್ನು ಮಾತ್ರ ಮಲಗುವ ಕೋಣೆಯ ಕಿಟಕಿಗೆ ನೆಡಬೇಡ. ದೂರದಿಂದ ಬಂದರೆ ಪರಿಮಳ, ಹತ್ತಿರದಲ್ಲಿ ತಲೆನೋವು. ಅದರ ಕಾಯಿ ವಿಷ. ಮಕ್ಕಳು, ಕರು ಬಾಯಿಗೆ ಹಾಕದಂತೆ ನೋಡಿಕೊ. ಆ ವಾಸನೆಗೆ ಹಾವು ಬರುತ್ತದೆ ಅನ್ನುವ ಮಾತು ನಂಬಬೇಡ. ಹಾವು ಬರುವುದು ಇಲಿ, ಕಪ್ಪೆಯ ಜಾಡು ಹಿಡಿದು. ಗಿಡದ ಬುಡದಲ್ಲಿ ಪೊದೆ, ಸೋಗೆ, ಕಲ್ಲಿನ ರಾಶಿ ಬಿಡಬೇಡ. ಓಡಾಡುವ ದಾರಿ ಬೋಳಾಗಿರಲಿ, ಕೈಯಲ್ಲೊಂದು ಬ್ಯಾಟರಿ ಇರಲಿ.

ಬೆಳಕೇ ಬೇಡ ಅನ್ನುವುದಿಲ್ಲ. ಸ್ಕೂಲ್ ಟ್ರಿಪ್ಪಿನಲ್ಲಿ ಬೃಂದಾವನ ನೋಡಿ ಬಂದು ವಾರವೆಲ್ಲ ಅದನ್ನೇ ಹೇಳಿದ್ದೆಯಲ್ಲ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕನ್ನಂಬಾಡಿ ಕಟ್ಟೆಯ ಕೆಳಗೆ ಮಾಡಿಸಿದ ತೋಟ, ಕಾಶ್ಮೀರದ ಶಾಲಿಮಾರ್ ಬಾಗನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಅದು ಸಾವಿರಾರು ಜನ ಬಂದು ಬೆರಗಾಗಿ ಹೋಗುವ ಜಾತ್ರೆಯ ಬೆಳಕು. ಮನೆಯಲ್ಲಿ ದಿನಾ ಜಾತ್ರೆ ನಡೆದರೆ ನಿದ್ದೆ ಎಲ್ಲಿ? ನಿನಗೆ ಎರಡು ದೀಪ ಸಾಕು. ಹಳದಿ ಬೆಳಕು, ಮೊಣಕಾಲೆತ್ತರ, ಮುಖ ನೆಲಕ್ಕೆ. ಕಾಲಿಡುವ ಜಾಗ ಕಾಣಬೇಕು, ಬಲ್ಬು ಕಾಣಬಾರದು. ಎದ್ದು ಒಳಗೆ ಬರುವಾಗ ಅದನ್ನೂ ಆರಿಸು.

ಕಣ್ಣು ಕತ್ತಲೆಗೆ ಪೂರ್ತಿ ಒಗ್ಗಲು 20-30 ನಿಮಿಷ ಬೇಕು. ನಡುವೆ ಒಂದು ಸಲ ಮೊಬೈಲ್ ನೋಡಿದೆಯೋ, ಮತ್ತೆ ಮೊದಲಿಂದ ಶುರು.

ಅದಕ್ಕೇ ಲೈಟಿನ ಡಬ್ಬ ಈಗಲೇ ಒಡೆಯಬೇಡ, ಅಂಗಡಿಯವನು ವಾಪಸು ತಗೊಳ್ಳುತ್ತಾನೋ ಕೇಳು. ಬರುವ ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ ಹಿತ್ತಲಲ್ಲಿ ಬರೀ ಕೂರೋಣ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಬೆಳದಿಂಗಳು ಮೊದಲು ಎಲ್ಲಿ ಬೀಳುತ್ತದೆ ತಿಳಿದರೆ, ಮಲ್ಲಿಗೆ ಎಲ್ಲಿ, ಬಾನಿ ಎಲ್ಲಿ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಚಾಪೆ ನಾನು ತರುತ್ತೇನೆ. ಮೊಬೈಲು ಒಳಗಿಟ್ಟು ಬಾ.